ಬೆರಳೆತ್ತುವ ಮುನ್ನ



ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಭಾನುವಾರ ಬಿಸಿಲೇರುವ ಮೊದಲೇ ಆಟ ಶುರುವಾಗುತ್ತದೆ. ಮನೆ ಕಟ್ಟದೆ ಉಳಿದ ನಿವೇಶನವೊಂದು ಸಿಕ್ಕರೆ ಸಾಕು, ಹುಡುಗರು ಮುಳ್ಳುಕಂಟಿ ಎಳೆದುಹಾಕಿ, ಕಲ್ಲು ಆರಿಸಿ, ಇಟ್ಟಿಗೆ ಚೂರಿನಿಂದ ಗೆರೆ ಎಳೆದು ಪಿಚ್ ಮಾಡಿಕೊಳ್ಳುತ್ತಾರೆ. ಒಂದು ಕಡೆ ಮೂರು ಸ್ಟಂಪು, ಇನ್ನೊಂದು ಕಡೆ ಖಾಲಿ ಪ್ಲಾಸ್ಟಿಕ್ ಕ್ರೇಟು. ಚೆಂಡು ಟೆನ್ನಿಸ್ ಬಾಲ್. ಎಲ್‌ಬಿಡಬ್ಲ್ಯು ಇಲ್ಲ, ಕಾಂಪೌಂಡಿನ ಒಳಗೆ ನೇರವಾಗಿ ಬಿದ್ದರೆ ಔಟ್. ಈ ಕಾಯಿದೆಗಳೆಲ್ಲ ಎಲ್ಲರಿಗೂ ಬಾಯಿಪಾಠ. ಅಂಪೈರ್ ಯಾರಾಗಬೇಕು ಎನ್ನುವುದಕ್ಕೂ ಒಂದು ಕಾಯಿದೆ ಉಂಟು. ಬ್ಯಾಟಿಂಗ್ ಮಾಡುವ ಟೀಮಿನಲ್ಲಿ ಆಗಲೇ ಔಟಾದವನೋ, ಕೊನೆಗೆ ಆಡಬೇಕಾದ ಚಿಕ್ಕ ಹುಡುಗನೋ ಹೋಗಿ ಕ್ರೇಟಿನ ಹಿಂದೆ ನಿಲ್ಲಬೇಕು. ಕೈಗೆ ಆರು ಕಲ್ಲು. ಚೆಂಡಿಗೊಂದರಂತೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುತ್ತಿದ್ದರೆ ಓವರ್ ಲೆಕ್ಕ ಸಿಕ್ಕಿತು.

ಬ್ಯಾಟಿನವನು ಚೆಂಡನ್ನು ಎಡಕ್ಕೆ ತಳ್ಳಿ ಓಡುತ್ತಾನೆ. ಒಂದು ರನ್ ಆಯಿತು, ಎರಡಕ್ಕೆ ತಿರುಗಿದ. ರಸ್ತೆ ಬದಿಯ ಕಾರಿನ ಹಿಂದಿನಿಂದ ಥ್ರೋ ಬರುತ್ತದೆ. ಕ್ರೇಟಿಗೆ ತಗಲುತ್ತದೆ. ‘ಔಟಲೇ! ಬ್ಯಾಟ್ ಎಲ್ಲೈತಿ ನೋಡು!’ ಎಂದು ಫೀಲ್ಡಿಂಗಿನವರು. ‘ಗೆರೆ ಮೇಲಿತ್ತಲೇ, ನಾಟೌಟ್!’ ಎಂದು ಬ್ಯಾಟಿಂಗಿನವರು. ‘ನೀ ಹೇಳಲೇ, ಅಂಪೈರ್’ ಎಂದು ಇಬ್ಬರೂ ಸೇರಿ. ಆ ಹುಡುಗ ನಿಜಕ್ಕೂ ಏನನ್ನೂ ನೋಡಿಲ್ಲ. ಅವನ ಕಣ್ಣು ಪೂರ್ತಿ ಹೊತ್ತು ಚೆಂಡಿನ ಹಿಂದೆಯೇ ಇತ್ತು. ಈಗ ಆ ಕಣ್ಣು ತನ್ನ ಟೀಮಿನ ದೊಡ್ಡ ಅಣ್ಣನ ಮುಖದ ಕಡೆಗೆ ಹೋಗುತ್ತದೆ. ಅಣ್ಣನ ಮುಖದಲ್ಲಿ ಇದ್ದುದೇ ತೀರ್ಪಾಗುತ್ತದೆ. ಮುಂದಿನ ಹತ್ತು ನಿಮಿಷ ಆಟವಿಲ್ಲ, ಬರೀ ಮಾತು.

ಈ ಹುಡುಗ ಮೋಸಗಾರನಲ್ಲ. ಅವನಿಗೆ ಆ ಕೆಲಸವನ್ನು ಯಾರೂ ಕಲಿಸಿಲ್ಲ, ಅಷ್ಟೆ. ಬ್ಯಾಟ್ ಹಿಡಿಯುವುದನ್ನು ತಿದ್ದುವವರು ಊರಲ್ಲಿ ನೂರು ಮಂದಿ ಸಿಗುತ್ತಾರೆ. ಎಲ್ಲಿ ನಿಲ್ಲಬೇಕು, ಯಾವುದನ್ನು ನೋಡಬೇಕು, ಎಷ್ಟು ಹೊತ್ತು ಕಾಯಬೇಕು ಎಂದು ಅಂಪೈರನಿಗೆ ಹೇಳಿಕೊಡುವವರು ಒಬ್ಬರೂ ಇಲ್ಲ. ತೀರ್ಪು ಕೊಡುವುದು ಹುಟ್ಟಿನಿಂದ ಬರುವ ಗುಣವೆಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಈಜಿನಂತೆ, ತಬಲಾದಂತೆ ಇದೂ ಅಭ್ಯಾಸದಿಂದ ಕೈಗೆ ಹತ್ತುವ ವಿದ್ಯೆ. ಅದನ್ನು ಕಲಿತು ದೊಡ್ಡ ಮೈದಾನಗಳಲ್ಲಿ ನಿಂತವರು ಕರ್ನಾಟಕದಲ್ಲೇ ಹಲವರಿದ್ದಾರೆ.

1999ರ ಫೆಬ್ರುವರಿ 7. ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನ. ಪಾಕಿಸ್ತಾನಕ್ಕೆ ಗೆಲ್ಲಲು 420 ರನ್ ಬೇಕು. ಊಟದ ವಿರಾಮಕ್ಕೆ ಅದು ವಿಕೆಟ್ ಕಳೆದುಕೊಳ್ಳದೆ 101 ರನ್ ಮಾಡಿತ್ತು. ಆಮೇಲೆ ಅನಿಲ್ ಕುಂಬ್ಳೆ ಪೆವಿಲಿಯನ್ ತುದಿಗೆ ಬಂದರು. ಮುಂದಿನದನ್ನು ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ: 26.3 ಓವರ್, 74 ರನ್, ಹತ್ತೂ ವಿಕೆಟ್. ಕೊನೆಯ ವಿಕೆಟ್ ಕುಂಬ್ಳೆಗೇ ಸಿಗಲಿ ಎಂದು ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ಸ್ಟಂಪಿನಿಂದ ದೂರ ದೂರ ಬೌಲ್ ಮಾಡಿದ್ದೂ ಎಲ್ಲರ ನೆನಪಿನಲ್ಲಿದೆ. ಆ ಹತ್ತೂ ವಿಕೆಟ್ ಬಿದ್ದಾಗ ಬೌಲರನ ತುದಿಯಲ್ಲಿ ಬಿಳಿ ಕೋಟು ತೊಟ್ಟು ನಿಂತವರು ಯಾರು ಎಂದು ಕೇಳಿದರೆ ಮಾತ್ರ ಬಹಳ ಮಂದಿ ಸುಮ್ಮನಾಗುತ್ತಾರೆ. ಅವರು ಬೆಂಗಳೂರಿನ ಎ.ವಿ. ಜಯಪ್ರಕಾಶ್. ಕರ್ನಾಟಕದ ಪರ ರಣಜಿ ಆಡಿ, ಆಮೇಲೆ ಅಂಪೈರಿಂಗ್ ಕಲಿತು, 13 ಟೆಸ್ಟ್ ಪಂದ್ಯಗಳಲ್ಲಿ ನಿಂತವರು.

ಅವರ ಆ ಮಧ್ಯಾಹ್ನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೌಲರ್ ತನ್ನ ನಾಡಿನವನು. ಸ್ಲಿಪ್ಪಿನಲ್ಲಿ ರಾಹುಲ್ ದ್ರಾವಿಡ್, ಅವನೂ ನಾಡಿನವನು. ಸುತ್ತ ಕೂಗುತ್ತಿರುವ ಜನ ದೇಶದವರು. ಎದುರಾಳಿ ಪಾಕಿಸ್ತಾನ. ಆ ಕಾಲದಲ್ಲಿ ಟೆಸ್ಟಿಗೆ ಒಬ್ಬ ಅಂಪೈರ್ ಹೊರದೇಶದವರು, ಒಬ್ಬರು ಆತಿಥೇಯ ದೇಶದವರು ಇರುತ್ತಿದ್ದರು. ಇನ್ನೊಂದು ತುದಿಯಲ್ಲಿ ಜಮೈಕಾದ ಸ್ಟೀವ್ ಬಕ್ನರ್ ಇದ್ದರು. ಬಿದ್ದ ಹತ್ತರಲ್ಲಿ ಎರಡು ಬೌಲ್ಡ್, ಐದು ಕ್ಯಾಚ್, ಮೂರು ಎಲ್‌ಬಿಡಬ್ಲ್ಯು. ಬೌಲ್ಡ್ ಆದರೆ ಅಂಪೈರನಿಗೆ ಕೆಲಸವಿಲ್ಲ. ದೂರದ ಕ್ಯಾಚಿಗೂ ಹೆಚ್ಚು ಕೆಲಸವಿಲ್ಲ. ಎಲ್‌ಬಿಡಬ್ಲ್ಯು ಮತ್ತು ವಿಕೆಟ್ ಕೀಪರಿನ ಕೈಗೆ ಹೋದ ಸಣ್ಣ ತಾಗು, ಇವೆರಡು ಮಾತ್ರ ಅವನ ಇಡೀ ವಿದ್ಯೆಯನ್ನು ಕೇಳುತ್ತವೆ. ಅಂದು ಮೊದಲು ಔಟಾದ ಷಾಹಿದ್ ಅಫ್ರಿದಿ ಕೀಪರಿಗೆ ಹೋದ ಕ್ಯಾಚನ್ನು ಒಪ್ಪಲು ತಯಾರಿರಲಿಲ್ಲ. ಮರು ಚೆಂಡಿಗೇ ಇಜಾಜ್ ಅಹ್ಮದ್ ವಿರುದ್ಧ ಎಲ್‌ಬಿಡಬ್ಲ್ಯು ಮನವಿ ಬಂತು. ಹಿಂದಿನ ಚೆಂಡಿನ ಗದ್ದಲ ಇನ್ನೂ ಅಡಗಿರಲಿಲ್ಲ. ಅದನ್ನು ತಲೆಯಿಂದ ಇಳಿಸಿ, ಈ ಚೆಂಡನ್ನು ಹೊಸದಾಗಿ ನೋಡಬೇಕು. ಜಯಪ್ರಕಾಶರು ಔಟ್ ಕೊಟ್ಟರು.

ಎಲ್‌ಬಿಡಬ್ಲ್ಯು ಎಂದರೆ ಒಂದು ತೀರ್ಪು ಎಂದು ನೋಡುವವರಿಗೆ ಅನ್ನಿಸುತ್ತದೆ. ಕಲಿತ ಅಂಪೈರನಿಗೆ ಅದು ಸಾಲಾಗಿ ನಿಂತ ಐದು ಪ್ರಶ್ನೆ. ಚೆಂಡು ನೋ ಬಾಲ್ ಆಗಿತ್ತೇ? ಲೆಗ್ ಸ್ಟಂಪಿನ ಹೊರಗೆ ಪುಟಿಯಿತೇ? ಕಾಲಿಗೆ ಬಡಿಯುವ ಮೊದಲು ಬ್ಯಾಟಿಗೆ ತಾಗಿತೇ? ಕಾಲಿಗೆ ತಗಲಿದ ಜಾಗ ಸ್ಟಂಪಿನ ನೇರದಲ್ಲಿತ್ತೇ, ಅಥವಾ ಆಫ್ ಸ್ಟಂಪಿನ ಹೊರಗಿದ್ದು ಆಟಗಾರ ಬ್ಯಾಟು ಬೀಸದೆ ನಿಂತಿದ್ದನೇ? ಕೊನೆಗೆ, ಕಾಲು ಅಡ್ಡ ಬಾರದಿದ್ದರೆ ಚೆಂಡು ಸ್ಟಂಪಿಗೆ ಬಡಿಯುತ್ತಿತ್ತೇ? ಮೊದಲ ನಾಲ್ಕು ಕಣ್ಣಿಗೆ ಕಂಡದ್ದನ್ನು ಕೇಳುತ್ತವೆ. ಕೊನೆಯದು ಊಹೆಯನ್ನು ಕೇಳುತ್ತದೆ. ಆದ್ದರಿಂದ ಅದನ್ನು ಕೊನೆಗೇ ಕೇಳಿಕೊಳ್ಳಬೇಕು. ಹೊಸ ಅಂಪೈರುಗಳು ಎಡವುವುದು ಇಲ್ಲಿ. ‘ಸ್ಟಂಪಿಗೆ ಬಡೀತಿತ್ತು’ ಎಂಬ ಉತ್ತರ ಮೊದಲು ಮನಸ್ಸಿಗೆ ಬಂದುಬಿಡುತ್ತದೆ, ಉಳಿದ ನಾಲ್ಕು ಪ್ರಶ್ನೆ ಅದರ ಹಿಂದೆ ಮುಚ್ಚಿಹೋಗುತ್ತವೆ.

ವೇಗದ ಬೌಲರ್ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಎಸೆದ ಚೆಂಡು ಬ್ಯಾಟ್ಸ್‌ಮನ್‌ನನ್ನು ಮುಟ್ಟಲು ಸುಮಾರು ಅರ್ಧ ಸೆಕೆಂಡು ಸಾಕು. ಅಷ್ಟರೊಳಗೆ ಅಂಪೈರ್ ಮುಂಗಾಲು ಗೆರೆ ದಾಟಿತೇ ಎಂದು ನೋಡಿ, ಕಣ್ಣೆತ್ತಿ, ಚೆಂಡು ಪುಟಿದ ಜಾಗ ಹಿಡಿಯಬೇಕು. ತಲೆ ಅಲುಗಾಡಿದರೆ ನೋಟವೂ ಅಲುಗುತ್ತದೆ. ಅದಕ್ಕೇ ಅನುಭವಿಗಳು ಬೌಲರ್ ಓಡಿಬರುವಾಗ ಮೈ ಸಡಿಲ ಬಿಟ್ಟು, ಚೆಂಡು ಕೈ ಬಿಡುವ ಹೊತ್ತಿಗೆ ತಲೆಯನ್ನು ಕಂಬದಂತೆ ನಿಲ್ಲಿಸುತ್ತಾರೆ. ಆರು ಗಂಟೆ ಒಂದೇ ಬಿಗಿಯಲ್ಲಿ ನೋಡುತ್ತ ನಿಲ್ಲಲು ಯಾರಿಂದಲೂ ಆಗದು. ಚೆಂಡಿನಿಂದ ಚೆಂಡಿಗೆ ಮನಸ್ಸನ್ನು ಸಡಿಲಿಸಿ ಮತ್ತೆ ಬಿಗಿಹಿಡಿಯುವುದನ್ನು ರೂಢಿಸಿಕೊಳ್ಳಬೇಕು.

ಈಗ ಬಡಾವಣೆಯ ರನೌಟಿಗೆ ಮರಳೋಣ. ಆ ಹುಡುಗನಿಗೆ ಹೇಳಿಕೊಡಬೇಕಾದದ್ದು ನಾಲ್ಕು ಮಾತು. ಚೆಂಡು ಯಾವ ಕಡೆ ಹೋಯಿತೋ ಸಾಮಾನ್ಯವಾಗಿ ಆ ಕಡೆಗೇ ನಾಲ್ಕೈದು ಹೆಜ್ಜೆ ಓಡು, ಆಗ ಎಸೆತವೂ ಗೆರೆಯೂ ಎರಡೂ ಕಣ್ಣ ಮುಂದೆ ಇರುತ್ತವೆ. ಗೆರೆಯ ನೇರಕ್ಕೆ ನಿಲ್ಲು, ಓರೆಯಿಂದ ನೋಡಿದರೆ ಗೆರೆ ಮೋಸ ಮಾಡುತ್ತದೆ. ಥ್ರೋ ಬರುವ ಹೊತ್ತಿಗೆ ನಿಂತಿರು, ಓಡುತ್ತ ನೋಡಬೇಡ. ಚೆಂಡನ್ನು ಬಿಟ್ಟುಬಿಡು, ಗೆರೆಯನ್ನು ನೋಡು. ಸ್ಟಂಪಿಗೆ ಬಡಿದದ್ದು ಕಿವಿಗೆ ಕೇಳಿಸುತ್ತದೆ. ಇಷ್ಟು ಮಾಡಿದರೆ ಅವನು ಅಣ್ಣನ ಮುಖ ನೋಡುವ ಪ್ರಸಂಗವೇ ಬರುವುದಿಲ್ಲ.

ಜಗಳದ ಆ ಮಾತಿಗೂ ನಿಯಮದಲ್ಲಿ ಉತ್ತರವಿದೆ. ‘ಗೆರೆ ಮೇಲಿತ್ತು’ ಎಂದರೆ ಔಟ್. ಬ್ಯಾಟಿನ ಅಥವಾ ಮೈಯ ಯಾವುದಾದರೂ ಭಾಗ ಗೆರೆಯನ್ನು ದಾಟಿ ಒಳಗೆ ನೆಲ ಮುಟ್ಟಿರಬೇಕು, ಗೆರೆಯನ್ನು ತುಳಿದರೆ ಸಾಲದು. ಓಡುತ್ತ ಬಂದವನ ಬ್ಯಾಟು ಒಮ್ಮೆ ಒಳಗೆ ನೆಲ ಮುಟ್ಟಿ, ಆಮೇಲೆ ಪುಟಿದು ಗಾಳಿಯಲ್ಲಿದ್ದರೆ 2017ರ ತಿದ್ದುಪಡಿಯ ನಂತರ ಅವನು ಔಟಲ್ಲ. ಇನ್ನೊಂದು ವಿಷಯ ದೊಡ್ಡವರಿಗೂ ಗೊತ್ತಿರುವುದಿಲ್ಲ. ಫೀಲ್ಡಿಂಗಿನವರು ಕೇಳದಿದ್ದರೆ ಅಂಪೈರ್ ತಾನಾಗಿ ಔಟ್ ಕೊಡುವಂತಿಲ್ಲ. ಮೈದಾನದಲ್ಲಿ ಅಷ್ಟು ಜೋರಾಗಿ ‘ಹೌಝಾಟ್’ ಎಂದು ಕೂಗುವುದು ಇದಕ್ಕೇ; ಅದು ‘ಇದು ಹೇಗೆ?’ ಎಂದು ಅಂಪೈರನನ್ನು ಕೇಳುವ ಪ್ರಶ್ನೆ. ಕ್ರಿಕೆಟಿನ ನಿಯಮಗಳನ್ನು ಬರೆದು ಕಾಪಾಡುವುದು ಲಂಡನ್ನಿನ ಎಂಸಿಸಿ. ಒಟ್ಟು 42 ನಿಯಮ. ದಿನಕ್ಕೊಂದು ಓದಿದರೂ ಆರು ವಾರದಲ್ಲಿ ಒಂದು ಸುತ್ತು ಮುಗಿಯುತ್ತದೆ.

ಓದಿದ್ದು ಎಷ್ಟು ಒಳಗಿಳಿದಿರಬೇಕು ಎನ್ನುವುದಕ್ಕೆ 2022ರ ಒಂದು ಪರೀಕ್ಷೆ ಸಾಕ್ಷಿ. ಮಹಿಳೆಯರ ಮತ್ತು ಕಿರಿಯರ ಪಂದ್ಯಗಳಿಗೆ ಅಂಪೈರುಗಳನ್ನು ಆರಿಸಲು ಭಾರತೀಯ ಕ್ರಿಕೆಟ್ ಮಂಡಳಿ ಅಹಮದಾಬಾದಿನಲ್ಲಿ ಪರೀಕ್ಷೆ ನಡೆಸಿತು. ಕೂತವರು ಸುಮಾರು 140 ಮಂದಿ, ಪಾಸಾದವರು ಮೂರೇ ಮಂದಿ. ಪ್ರಶ್ನೆಗಳು ನಿಯಮದ ಸಂಖ್ಯೆ ಕೇಳುವಂಥವಾಗಿರಲಿಲ್ಲ. ಪೆವಿಲಿಯನ್ನಿನ, ಮರದ ಅಥವಾ ಫೀಲ್ಡರನ ನೆರಳು ಪಿಚ್ ಮೇಲೆ ಬೀಳುತ್ತಿದೆ ಎಂದು ಬ್ಯಾಟ್ಸ್‌ಮನ್ ದೂರಿದರೆ ಏನು ಮಾಡುವಿರಿ? ಮರದ ಮತ್ತು ಪೆವಿಲಿಯನ್ನಿನ ನೆರಳಿಗೆ ಅಂಪೈರ್ ತಲೆಕೆಡಿಸಿಕೊಳ್ಳಬೇಕಿಲ್ಲ. ಫೀಲ್ಡರ್ ಮಾತ್ರ ತನ್ನ ನೆರಳು ಅಲುಗದಂತೆ ನಿಲ್ಲಬೇಕು, ಅಲುಗಿದರೆ ಚೆಂಡು ಡೆಡ್ ಬಾಲ್. ಬೌಲರ್ ಕೈಬೆರಳಿನ ಗಾಯಕ್ಕೆ ಪಟ್ಟಿ ಕಟ್ಟಿದ್ದಾನೆ, ಬಿಚ್ಚಿದರೆ ರಕ್ತ ಬರುತ್ತದೆ, ಬಿಚ್ಚಿಸುವಿರಾ? ಬೌಲ್ ಮಾಡಬೇಕೆಂದರೆ ಬಿಚ್ಚಲೇಬೇಕು. ಸಂಜೆ ನಾಲ್ಕಕ್ಕೆ ಉದ್ದ ನೆರಳು ಬೀಳುವ ದಾವಣಗೆರೆಯ ಯಾವ ಮೈದಾನದಲ್ಲೂ ನೆರಳಿನ ಈ ಸಂದರ್ಭ ಎದುರಾಗಬಹುದು. ಆಟ ನಿಲ್ಲಿಸಿ ಪುಸ್ತಕ ತೆಗೆಯುವಷ್ಟು ಪುರುಸೊತ್ತು ಅಲ್ಲಿ ಇರುವುದಿಲ್ಲ.

ಕಣ್ಣು ಸರಿಯಿದ್ದು ನಿಯಮ ಬಂದರೂ ಕಿವಿಯ ಕಾಟ ಒಂದಿದೆ.

ಇಂಗ್ಲೆಂಡಿನಲ್ಲಿ 2002ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತರಬೇತಾದ 40 ಫುಟ್‌ಬಾಲ್ ರೆಫರಿಗಳಿಗೆ ಒಂದೇ ಪಂದ್ಯದ 47 ಘಟನೆಗಳ ವಿಡಿಯೋ ತೋರಿಸಿದರು. ಕೆಲವರಿಗೆ ಜನರ ಕೂಗಿನೊಂದಿಗೆ, ಉಳಿದವರಿಗೆ ಸದ್ದಿಲ್ಲದೆ. ಕೂಗು ಕೇಳಿಸಿಕೊಂಡವರು ಆತಿಥೇಯ ತಂಡದ ವಿರುದ್ಧ ಕೊಟ್ಟ ಫೌಲುಗಳು ಶೇಕಡಾ 15.5ರಷ್ಟು ಕಡಿಮೆ. ಅವರಲ್ಲಿ ಯಾರೂ ಲಂಚ ತಿಂದಿರಲಿಲ್ಲ, ಯಾರಿಗೂ ಆ ತಂಡದ ಮೇಲೆ ಮೋಹವಿರಲಿಲ್ಲ. ಸದ್ದು ತನ್ನಷ್ಟಕ್ಕೆ ಒಳಹೊಕ್ಕು ಕೆಲಸ ಮಾಡಿತ್ತು. ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಹೊನಲು ಬೆಳಕಿನ ಟೆನ್ನಿಸ್ ಬಾಲ್ ಟೂರ್ನಿ ನೋಡಿದವರಿಗೆ ಆ ಸದ್ದಿನ ಅಂದಾಜಿದೆ. ಗ್ಯಾಲರಿಯಲ್ಲಿ ಮಂಡಕ್ಕಿ ಮಿರ್ಚಿ ಹಿಡಿದು ಕೂತ ಸಾವಿರಾರು ಜನ ಒಟ್ಟಿಗೆ ‘ವೈಡ್’ ಎಂದು ಕೂಗಿದಾಗ ಅಂಪೈರನ ಎರಡೂ ಕೈ ತಾವಾಗಿ ಅಗಲವಾಗಲು ಹೊರಡುತ್ತವೆ.

ಇದಕ್ಕೆ ಮದ್ದು ಇದೆ, ಅದು ಸಮಯ. ಜಯಪ್ರಕಾಶರ ಜೊತೆ ಕೋಟ್ಲಾದಲ್ಲಿದ್ದ ಸ್ಟೀವ್ ಬಕ್ನರ್ ಬೆರಳೆತ್ತಲು ತಡಮಾಡುವುದಕ್ಕೆ ಜಗತ್ತಿನಾದ್ಯಂತ ಹೆಸರಾಗಿದ್ದರು. ಮನವಿ ಬಂದ ಮೇಲೆ ಎರಡು ಮೂರು ಸೆಕೆಂಡು ಸುಮ್ಮನೆ ನಿಲ್ಲುತ್ತಿದ್ದರು, ತಲೆಯಾಡಿಸುತ್ತಿದ್ದರು, ಆಮೇಲೆ ಬೆರಳು. ಆ ಎರಡು ಸೆಕೆಂಡಿನಲ್ಲಿ ಕೂಗು ಇಳಿಯುತ್ತದೆ, ಕಣ್ಣು ಕಂಡದ್ದು ಮತ್ತೊಮ್ಮೆ ಮನಸ್ಸಿನಲ್ಲಿ ಓಡುತ್ತದೆ, ಐದು ಪ್ರಶ್ನೆಗಳಿಗೂ ಸಾಲಾಗಿ ಉತ್ತರ ಸಿಗುತ್ತದೆ. ತೀರ್ಪು ಔಟಾಗಲಿ, ನಾಟೌಟಾಗಲಿ, ಕಾಯುವ ಹೊತ್ತು ಒಂದೇ ಇರಬೇಕು. ಒಂದಕ್ಕೆ ಬೇಗ, ಒಂದಕ್ಕೆ ನಿಧಾನ ಎಂದಾದರೆ ಆಟಗಾರರು ಅದರಲ್ಲೇ ಅಂಜಿಕೆಯನ್ನು ಓದಿಬಿಡುತ್ತಾರೆ.

ಇಷ್ಟೆಲ್ಲ ಇದ್ದೂ ತಪ್ಪಾಗುತ್ತದೆ. ತಪ್ಪಾದ ಮೇಲೆ ಏನು ಎನ್ನುವುದೂ ಕಲಿಕೆಯ ಭಾಗವೇ. ಅದಕ್ಕೆ ಎರಡು ದೊಡ್ಡ ನಿದರ್ಶನಗಳಿವೆ, ಎರಡರಲ್ಲೂ ಕನ್ನಡಿಗರಿದ್ದಾರೆ.

1980ರ ಫೆಬ್ರುವರಿಯಲ್ಲಿ ಮುಂಬಯಿಯ ವಾಂಖೆಡೆಯಲ್ಲಿ ಭಾರತ–ಇಂಗ್ಲೆಂಡ್ ಸುವರ್ಣ ಮಹೋತ್ಸವ ಟೆಸ್ಟ್. ಕರ್ನಾಟಕದ ಮೇಲೂ ಹಾದುಹೋದ ಖಗ್ರಾಸ ಸೂರ್ಯಗ್ರಹಣಕ್ಕೆಂದು ಪಂದ್ಯದ ಎರಡನೇ ದಿನ ರಜೆ ಕೊಟ್ಟಿದ್ದ ಪಂದ್ಯ ಅದು. ಭಾರತದ ನಾಯಕ ಜಿ.ಆರ್. ವಿಶ್ವನಾಥ್, ದಾವಣಗೆರೆಗೆ ನೆರೆಯ ಭದ್ರಾವತಿಯಲ್ಲಿ ಹುಟ್ಟಿದವರು. ಕೀಪರ್ ಸೈಯದ್ ಕಿರ್ಮಾನಿ. ಅಂಪೈರುಗಳಲ್ಲಿ ಒಬ್ಬರು ಬೆಂಗಳೂರಿನ ಎಸ್.ಎನ್. ಹನುಮಂತರಾವ್. 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿದ್ದ ಇಂಗ್ಲೆಂಡನ್ನು ಇಯಾನ್ ಬಾಥಮ್ ಮತ್ತು ಬಾಬ್ ಟೇಲರ್ ಮೇಲೆತ್ತುತ್ತಿದ್ದರು. ಕಪಿಲ್ ದೇವ್ ಎಸೆದ ಚೆಂಡು ಟೇಲರ್ ಅವರನ್ನು ದಾಟಿ ಕಿರ್ಮಾನಿ ಕೈಗೆ ಬಂತು, ಮನವಿ ಆಯಿತು, ಹನುಮಂತರಾವ್ ಔಟ್ ಕೊಟ್ಟರು. ಮೊದಲ ಸ್ಲಿಪ್ಪಿನಲ್ಲಿದ್ದ ವಿಶ್ವನಾಥರಿಗೆ ಬ್ಯಾಟು ತಾಗಿಲ್ಲ ಎಂಬುದು ಖಚಿತವಾಗಿತ್ತು. ಅವರು ಅಂಪೈರ್ ಹತ್ತಿರ ಹೋಗಿ ಟೇಲರ್ ಅವರನ್ನು ವಾಪಸ್ ಕರೆಸಿದರು. ಬಾಥಮ್–ಟೇಲರ್ ಜೋಡಿ 171 ರನ್ ಸೇರಿಸಿತು, ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು.

ಈ ಕಥೆಯನ್ನು ವಿಶ್ವನಾಥರ ದೊಡ್ಡತನಕ್ಕಾಗಿ ನೆನೆಯುತ್ತಾರೆ, ನೆನೆಯಲೇಬೇಕು. ಅದರಲ್ಲಿ ಅಂಪೈರನ ಪಾಲೂ ಇದೆ. ನಾಯಕ ಮನವಿ ಹಿಂತೆಗೆದುಕೊಳ್ಳಬೇಕಾದರೆ ಅಂಪೈರ್ ಒಪ್ಪಬೇಕು, ಅದೂ ಮುಂದಿನ ಚೆಂಡು ಆಟಕ್ಕೆ ಬರುವುದರೊಳಗೆ. ತಡಮಾಡದೆ ತನ್ನ ತೀರ್ಪನ್ನು ಬದಲಿಸಿಕೊಳ್ಳುವ ಹಕ್ಕನ್ನೂ ನಿಯಮ ಅಂಪೈರನಿಗೆ ಕೊಟ್ಟಿದೆ. ಎತ್ತಿದ ಬೆರಳನ್ನು ಸಾವಿರಾರು ಜನರೆದುರು ಇಳಿಸುವುದು ಎತ್ತುವುದಕ್ಕಿಂತ ಕಷ್ಟ. ‘ನಾನು ಕೊಟ್ಟಾಯಿತು, ಮುಗಿಯಿತು’ ಎಂದು ಹನುಮಂತರಾವ್ ಹಟ ಹಿಡಿದಿದ್ದರೆ ಆ ಘಟನೆಯೇ ನಡೆಯುತ್ತಿರಲಿಲ್ಲ. ವಿಶ್ವನಾಥರು ಮುಂದೆ 1999ರಿಂದ 2004ರವರೆಗೆ ಐಸಿಸಿ ಮ್ಯಾಚ್ ರೆಫರಿಯಾದರು. ಅವರ ಹಾದಿಯಲ್ಲೇ ಜಾವಗಲ್ ಶ್ರೀನಾಥ್ 2006ರಿಂದ ಆ ಹುದ್ದೆಯಲ್ಲಿ ದುಡಿದಿದ್ದಾರೆ.

ಎರಡನೆಯದು 2008ರ ಜನವರಿ, ಸಿಡ್ನಿ. ಭಾರತದ ನಾಯಕ ಕುಂಬ್ಳೆ. ಅಂಪೈರ್ ಮತ್ತದೇ ಬಕ್ನರ್. 30 ರನ್ ಮಾಡಿದ್ದ ಆಂಡ್ರ್ಯೂ ಸೈಮಂಡ್ಸ್ ಕೀಪರಿಗೆ ಕ್ಯಾಚ್ ಕೊಟ್ಟರೂ ಔಟ್ ಕೊಡಲಿಲ್ಲ, ಅವರು 162 ರನ್ ಮಾಡಿ ಅಜೇಯರಾಗಿ ಉಳಿದರು. ಕೊನೆಯ ದಿನ ದ್ರಾವಿಡ್ ಪ್ಯಾಡಿಗೆ ತಾಗಿದ ಚೆಂಡಿಗೆ ಔಟಾದರು. ಭಾರತ 122 ರನ್ನಿನಿಂದ ಸೋತಿತು, ಮುಂದಿನ ಪರ್ತ್ ಟೆಸ್ಟಿನಿಂದ ಬಕ್ನರ್ ಅವರನ್ನು ಕೈಬಿಟ್ಟರು. 128 ಟೆಸ್ಟ್, ಐದು ವಿಶ್ವಕಪ್ ಫೈನಲ್ ಕಂಡವರು ಅವರು. ಹನ್ನೆರಡು ವರ್ಷದ ಮೇಲೆ, 2020ರಲ್ಲಿ, ಆ ಪಂದ್ಯದಲ್ಲಿ ತಾವು ಎರಡು ತಪ್ಪು ಮಾಡಿದ್ದಾಗಿ ತಾವೇ ಬಾಯಿಬಿಟ್ಟು ಹೇಳಿದರು. ಅಷ್ಟು ದೊಡ್ಡ ಅಂಪೈರಿಗೂ ಇಂಥ ದಿನ ಬರುತ್ತದೆ ಎಂದಮೇಲೆ, ಬಡಾವಣೆಯ ಅಂಪೈರ್ ತನ್ನ ತಪ್ಪನ್ನು ಬಚ್ಚಿಡಬೇಕಾದ ಕಾರಣವೇ ಇಲ್ಲ. ಪಂದ್ಯ ಮುಗಿದ ಸಂಜೆ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದಿಟ್ಟರೆ ಸಾಕು: ಯಾವ ತೀರ್ಪು ಅನುಮಾನವೆನಿಸಿತು, ಆಗ ಎಲ್ಲಿ ನಿಂತಿದ್ದೆ, ಏನನ್ನು ನೋಡುತ್ತಿದ್ದೆ. ಹತ್ತು ಪಂದ್ಯ ಕಳೆದ ಮೇಲೆ ತಿರುವಿ ನೋಡಿದರೆ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಆಗಿರುವುದು ಕಾಣುತ್ತದೆ. ತಿದ್ದಬೇಕಾದ ಜಾಗ ಅದೇ.

ಕ್ರಿಕೆಟ್ ಒಂದರ ಮಾತಲ್ಲ ಇದು. ಹಾಕಿಯಲ್ಲಿ ಕರ್ನಾಟಕದ ಆರ್.ವಿ. ರಘುಪ್ರಸಾದ್ 2012ರ ಲಂಡನ್, 2016ರ ರಿಯೊ ಹಾಗೂ ಟೋಕಿಯೊ ಒಲಿಂಪಿಕ್ಸ್‌ಗಳಲ್ಲಿ ಅಂಪೈರ್ ಆಗಿದ್ದರು. ಹಾಕಿಯಲ್ಲಿ ಅಂಪೈರ್ ನಿಂತು ನೋಡುವಂತಿಲ್ಲ, ಆಟದ ಜೊತೆ ಓಡುತ್ತಲೇ ಇರಬೇಕು. ಉಸಿರು ಕಟ್ಟಿದವನ ಕಣ್ಣಿಗೆ ಚೆಂಡು ಕಾಲಿಗೆ ತಾಗಿತೋ ಕೋಲಿಗೆ ತಾಗಿತೋ ತಿಳಿಯುವುದಿಲ್ಲ. ಹಾಗಾಗಿ ಅಲ್ಲಿ ಓಟದ ಅಭ್ಯಾಸವೇ ಅರ್ಧ ತೀರ್ಪು.

ಕಬಡ್ಡಿಯಲ್ಲಿ ಇನ್ನೊಂದು ಬಗೆಯ ಕಷ್ಟ. ರೈಡಿಗೆ 30 ಸೆಕೆಂಡು. ಅಷ್ಟರಲ್ಲಿ ರೈಡರ್ ಬಾಕ್ ಲೈನ್ ದಾಟಿದನೇ, ಬೋನಸ್ ಗೆರೆ ದಾಟುವಾಗ ಹಿಂಗಾಲು ಗಾಳಿಯಲ್ಲಿತ್ತೇ, ಎದುರಿಗೆ ಆರು ಮಂದಿಯಾದರೂ ಇದ್ದರೇ ಎಂದೆಲ್ಲ ನೋಡಬೇಕು; ಆರು ಮಂದಿ ಇಲ್ಲದಿದ್ದರೆ ಬೋನಸ್ಸೇ ಇಲ್ಲ. ರೈಡರನ ಕೈ ನೋಡಬೇಕೆಂದು ಮನಸ್ಸು ಎಳೆಯುತ್ತದೆ; ಅಂಪೈರ್ ಕಾಲನ್ನು ನೋಡಬೇಕು, ತಲೆಗಳನ್ನು ಮೊದಲೇ ಎಣಿಸಿಟ್ಟಿರಬೇಕು. ದಸರಾ ಕ್ರೀಡಾಕೂಟಗಳಲ್ಲಿ, ಹೋಬಳಿ, ತಾಲ್ಲೂಕು ಮಟ್ಟದ ಶಾಲಾ ಪಂದ್ಯಗಳಲ್ಲಿ ಸೀಟಿ ಹಿಡಿದು ಇದನ್ನೆಲ್ಲ ಮಾಡುವವರು ದೈಹಿಕ ಶಿಕ್ಷಕರು. ಬೆಳಿಗ್ಗೆಯಿಂದ ಸಂಜೆಯವರೆಗೆ ಬಿಸಿಲಲ್ಲಿ ಹತ್ತು ಪಂದ್ಯ ನಡೆಸಿ, ಸೋತ ಊರಿನವರ ಮಾತು ಕೇಳಿ, ಮರುದಿನ ಪ್ರಾರ್ಥನೆಯ ಹೊತ್ತಿಗೆ ಮತ್ತೆ ಶಾಲೆಗೆ ಹಾಜರಾಗುವ ಅವರು ಈ ನಾಡಿನ ಅತಿ ದೊಡ್ಡ ತೀರ್ಪುಗಾರರ ಪಡೆ.

ಕುಸ್ತಿಯ ಊರಿಗೆ ಕುಸ್ತಿಯ ಮಾತೂ ಬೇಕು. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ಬಯಲು ಕುಸ್ತಿ ನಡೆಯುತ್ತದೆ. ಕೆಮ್ಮಣ್ಣಿನ ಅಖಾಡದಲ್ಲಿ ‘ಬೆನ್ನು ಹತ್ತಿತೇ ಇಲ್ಲವೇ’ ಎನ್ನುವುದಕ್ಕೆ ಸುತ್ತಲಿನ ಪ್ರತಿಯೊಬ್ಬ ಪೈಲ್ವಾನನಿಗೂ ಒಂದು ಅಭಿಪ್ರಾಯವಿರುತ್ತದೆ. ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಮ್ಯಾಟಿನ ಮೇಲೆ ರೆಫರಿ, ಪಕ್ಕದಲ್ಲಿ ಜಡ್ಜ್, ಎದುರಿಗೆ ಮ್ಯಾಟ್ ಚೇರ್ಮನ್, ಹೀಗೆ ಮೂವರು. ರೆಫರಿಯ ಒಂದು ಕೈಗೆ ಕೆಂಪು ಪಟ್ಟಿ, ಇನ್ನೊಂದಕ್ಕೆ ನೀಲಿ. ಅಂಕ ಯಾರಿಗೋ ಆ ಬಣ್ಣದ ಕೈ ಮೇಲೇಳುತ್ತದೆ. ಮೂವರಲ್ಲಿ ಇಬ್ಬರು ಒಪ್ಪಿದರೆ ಮಾತ್ರ ಅಂಕ. ಒಬ್ಬನ ಕಣ್ಣಿಗೆ ಮರೆಯಾದದ್ದು ಇನ್ನೊಬ್ಬನಿಗೆ ಕಾಣಲೆಂದೇ ಈ ಏರ್ಪಾಡು. ಕ್ರಿಕೆಟಿನಲ್ಲೂ ಇಬ್ಬರು ಅಂಪೈರುಗಳು ಪಂದ್ಯಕ್ಕೆ ಮೊದಲೇ ಮಾತಾಡಿಕೊಂಡು, ಓವರಿಗೆ ಎಷ್ಟು ಚೆಂಡು ಉಳಿಯಿತು, ಕ್ಯಾಚು ನೆಲ ಮುಟ್ಟಿತೇ ಎಂದು ಸಣ್ಣ ಸನ್ನೆಯಿಂದ ಹೇಳಿಕೊಳ್ಳುತ್ತಿರುತ್ತಾರೆ. ಇನ್ನೊಬ್ಬನನ್ನು ಕೇಳುವುದರಲ್ಲಿ ಸಣ್ಣತನವಿಲ್ಲ.

2008ರಲ್ಲಿ ಕ್ರಿಕೆಟಿಗೆ ಮರುಪರಿಶೀಲನಾ ವ್ಯವಸ್ಥೆ ಪ್ರಯೋಗವಾಗಿ ಬಂತು. 2020ರಿಂದ ದೊಡ್ಡ ಪಂದ್ಯಗಳಲ್ಲಿ ಮುಂಗಾಲಿನ ನೋ ಬಾಲನ್ನೂ ಟಿವಿ ಅಂಪೈರ್ ನೋಡತೊಡಗಿದರು. ಇನ್ನು ಅಂಪೈರ್ ಏಕೆ ಎಂದು ಕೇಳುವವರಿದ್ದಾರೆ. ಆದರೆ ಕ್ಯಾಮೆರಾ ಇರುವುದು ಎಷ್ಟು ಮೈದಾನದಲ್ಲಿ? ರಿಂಗ್ ರಸ್ತೆಯ ಈಚೆ ನಡೆಯುವ ಪಂದ್ಯಕ್ಕೆ, ತುಂಗಭದ್ರೆಯ ದಡದ ಹರಿಹರದ ಪಂದ್ಯಕ್ಕೆ, ಶಾಲೆಗಳ ಪಂದ್ಯಕ್ಕೆ ಇರುವುದು ಒಬ್ಬ ಮನುಷ್ಯನ ಎರಡು ಕಣ್ಣು ಮಾತ್ರ.

ದಾವಣಗೆರೆ ಆರ್. ವಿನಯ್ ಕುಮಾರ್ ಅವರನ್ನು ಕೊಟ್ಟ ಊರು. ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂದು ಕರೆಸಿಕೊಂಡು, 2013–14 ಮತ್ತು 2014–15ರಲ್ಲಿ ಸತತ ಎರಡು ಸಲ ಕರ್ನಾಟಕಕ್ಕೆ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ ಅವರು. ಅಂಥ ಬೌಲರನನ್ನು ಬೆಳೆಸಿದ ಮೈದಾನಗಳಿಗೆ ಅಂಪೈರನನ್ನು ಬೆಳೆಸುವ ಶಕ್ತಿಯೂ ಇದೆ. ಆ ದಾರಿ ಗುಟ್ಟಿನದೇನಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆ ಅಂಪೈರ್ ಪರೀಕ್ಷೆ ನಡೆಸುತ್ತದೆ. ಅಲ್ಲಿ ಗೆದ್ದು, ಲೀಗ್ ಪಂದ್ಯಗಳಲ್ಲಿ ವರ್ಷಗಟ್ಟಲೆ ನಿಂತವರಿಗೆ ಮಂಡಳಿಯ ಪರೀಕ್ಷೆಗಳ ಬಾಗಿಲು ತೆರೆಯುತ್ತದೆ. ಹೆಣ್ಣುಮಕ್ಕಳಿಗೂ ಈ ದಾರಿ ಮುಚ್ಚಿಲ್ಲ. 2023ರ ಜನವರಿಯಲ್ಲಿ ಮೂವರು ಮಹಿಳೆಯರು ಮೊದಲ ಬಾರಿಗೆ ರಣಜಿ ಪಂದ್ಯಗಳಲ್ಲಿ ಅಂಪೈರಾಗಿ ನಿಂತರು. ಪರೀಕ್ಷೆಗೆ ಮೊದಲೇ ಮಾಡಬಹುದಾದ ಅಭ್ಯಾಸವಂತೂ ಖರ್ಚಿಲ್ಲದ್ದು. ನೆಟ್ಸ್ ನಡೆಯುವಾಗ ಸ್ಟಂಪಿನ ಹಿಂದೆ ನಿಂತು ಪ್ರತಿ ಚೆಂಡಿಗೂ ಮನಸ್ಸಿನಲ್ಲೇ ತೀರ್ಪು ಕೊಡುವುದು. ಟಿವಿ ನೋಡುವಾಗ ರಿಪ್ಲೇ ಬರುವ ಮೊದಲು ತನ್ನ ತೀರ್ಪನ್ನು ಗಟ್ಟಿಯಾಗಿ ಹೇಳಿಬಿಡುವುದು. ವರ್ಷಕ್ಕೊಮ್ಮೆ ಕಣ್ಣು ತೋರಿಸಿಕೊಳ್ಳುವುದು. ನಾಯಕನ ಜೊತೆ ದನಿ ಏರಿಸದೆ, ಎರಡು ವಾಕ್ಯದಲ್ಲಿ ಮಾತು ಮುಗಿಸುವುದು.

ಟೂರ್ನಿ ನಡೆಸುವ ಸಂಘಗಳ ಹಿರಿಯರಲ್ಲಿ ಒಂದು ವಿನಂತಿ. ಕಪ್ಪಿಗೆ, ಪೆಂಡಾಲಿಗೆ, ಧ್ವನಿವರ್ಧಕಕ್ಕೆ ಹಣ ಹೊಂದಿಸುವಾಗ ಎರಡೂ ತಂಡಗಳಿಗೆ ಸೇರದ ಇಬ್ಬರು ಅಂಪೈರುಗಳ ಸಂಭಾವನೆ ಮತ್ತು ಊಟವನ್ನೂ ಲೆಕ್ಕಕ್ಕೆ ಸೇರಿಸಿ. ಅವರ ಮೈಮೇಲೆ ಕೈ ಮಾಡಿದ, ಬಾಯಿಗೆ ಬಂದಂತೆ ಮಾತಾಡಿದ ಆಟಗಾರನನ್ನು, ಅವನು ಎಷ್ಟು ಸಿಕ್ಸರ್ ಹೊಡೆಯುವವನಾಗಿದ್ದರೂ, ಮುಂದಿನ ಪಂದ್ಯಕ್ಕೆ ಹೊರಗಿಡಿ.

ನಿಜಲಿಂಗಪ್ಪ ಬಡಾವಣೆಯ ಹುಡುಗರಿಗೂ ಒಂದು ಮಾತು. ಬರುವ ಭಾನುವಾರ ಔಟಾದವನನ್ನು ಕ್ರೇಟಿನ ಹಿಂದೆ ದೂಡಬೇಡಿ. ನಿಮ್ಮಲ್ಲಿ ನಿಯಮ ಕೇಳುವ, ತಕರಾರಿನಲ್ಲಿ ಎರಡೂ ಕಡೆಯ ಮಾತು ಆಲಿಸುವ ಹುಡುಗನೋ ಹುಡುಗಿಯೋ ಒಬ್ಬರು ಇದ್ದೇ ಇರುತ್ತಾರೆ. ಆ ದಿನದ ಮಟ್ಟಿಗೆ ಅವರನ್ನು ಯಾವ ಟೀಮಿಗೂ ಸೇರಿಸದೆ ಅಂಪೈರ್ ಮಾಡಿ, ಆರು ಕಲ್ಲು ಕೈಗೆ ಕೊಡಿ. ಅವರು ಗೆರೆಯ ನೇರಕ್ಕೆ ಓಡಿ ನಿಂತು ಔಟ್ ಎಂದರೆ, ಬ್ಯಾಟನ್ನು ಮುಂದಿನವನ ಕೈಗೆ ಕೊಟ್ಟು ಹೊರಗೆ ಬನ್ನಿ.